ಮಿಲಿಟರಿ ಪೈಲಟ್ ಆಯ್ಕೆ: ಬರಹದ ಪರೀಕ್ಷೆಯೋ, ಸಿಮ್ಯುಲೇಟರೋ, ನಿಜವಾದ ಹಾರಾಟವೋ?

ಪೈಲಟ್ ಆಯ್ಕೆಯ ಮಾತು ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ. ಬರಹದ ಪರೀಕ್ಷೆ ಇದೆ, ಕಂಪ್ಯೂಟರ್ ಮುಂದೆ ಕೂರಿಸಿ ಜಾಯ್‌ಸ್ಟಿಕ್ ಕೊಡುವ ಪರೀಕ್ಷೆ ಇದೆ, ನೆಲದ ಮೇಲೆಯೇ ಹಾರಾಟದ ಅನುಭವ ಕೊಡುವ ಸಿಮ್ಯುಲೇಟರ್ ಇದೆ, ಚಿಕ್ಕ ವಿಮಾನದಲ್ಲಿ ಹತ್ತು ಹನ್ನೆರಡು ಗಂಟೆ ಹಾರಿಸಿ ನೋಡುವ ಪದ್ಧತಿ ಇದೆ, ಸಂದರ್ಶನವಂತೂ ಇದ್ದೇ ಇದೆ. ಇಷ್ಟರಲ್ಲಿ ಯಾವುದನ್ನು ನಂಬಬೇಕು? ದುಡ್ಡು ಕಡಿಮೆ ಇದ್ದರೆ ಯಾವುದನ್ನು ಬಿಡಬಹುದು?

ತಪ್ಪು ಆಯ್ಕೆಯ ಬೆಲೆ ಎಷ್ಟು ಅಂತ ಮೊದಲು ನೋಡೋಣ. ಅಮೆರಿಕದ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 2019ರಲ್ಲಿ ಒಂದು ಲೆಕ್ಕ ಕೊಟ್ಟಿತು. ಎಫ್-16 ಯುದ್ಧವಿಮಾನದ ಪೈಲಟ್ ಒಬ್ಬರನ್ನು ಮೂಲ ಅರ್ಹತೆಯ ಹಂತಕ್ಕೆ ತರಲು ಅಲ್ಲಿನ ವಾಯುಪಡೆಗೆ ಸುಮಾರು 56 ಲಕ್ಷ ಡಾಲರ್ ಬೇಕು. ಎಫ್-22 ಆದರೆ ಸುಮಾರು 1 ಕೋಟಿ 9 ಲಕ್ಷ ಡಾಲರ್. ತರಬೇತಿಯ ನಡುವೆ ಒಬ್ಬರು ಬಿದ್ದುಹೋದರೆ ಅಲ್ಲಿಯವರೆಗಿನ ಖರ್ಚೆಲ್ಲ ಹೋದಂತೆ. ಅವರು ತುಂಬಿದ್ದ ಸೀಟು, ಇನ್ಸ್‌ಟ್ರಕ್ಟರ್ ಕೊಟ್ಟ ಸಮಯ, ಆ ಹುಡುಗ ಅಥವಾ ಹುಡುಗಿಯ ಬದುಕಿನ ಒಂದೆರಡು ವರ್ಷ, ಎಲ್ಲವೂ.

ಆದರೆ ತಪ್ಪು ಎರಡು ಥರದ್ದು. ತರಬೇತಿಯಲ್ಲಿ ಫೇಲ್ ಆದವರ ಹೆಸರು ಫೈಲಿನಲ್ಲಿ ಇರುತ್ತದೆ. ಒಳ್ಳೆಯ ಪೈಲಟ್ ಆಗಬಹುದಾಗಿದ್ದರೂ ಆಯ್ಕೆಯಲ್ಲೇ ಬಿದ್ದುಹೋದವರ ಹೆಸರು ಎಲ್ಲೂ ಇರುವುದಿಲ್ಲ. ಹಾಗಾಗಿ ಎಲ್ಲರೂ ಮೊದಲನೆಯ ತಪ್ಪನ್ನು ಕಡಿಮೆ ಮಾಡಲು ಓಡಾಡುತ್ತಾರೆ, ಎರಡನೆಯದನ್ನು ಯಾರೂ ಎಣಿಸುವುದಿಲ್ಲ. ಆಯ್ಕೆಯನ್ನು ಸುಧಾರಿಸಬೇಕು ಅನ್ನುವವರು ಈ ಎರಡನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಮೊದಲು ಅಳತೆಗೋಲು

ಯಾವ ವಿಧಾನವನ್ನಾದರೂ ನಾನು ಐದು ಪ್ರಶ್ನೆ ಇಟ್ಟುಕೊಂಡು ತೂಗುತ್ತೇನೆ. ತರಬೇತಿಯಲ್ಲಿ ಯಾರು ಪಾಸಾಗುತ್ತಾರೆ ಅಂತ ಅದು ಎಷ್ಟು ಸರಿಯಾಗಿ ಹೇಳುತ್ತದೆ? ಒಬ್ಬ ಅಭ್ಯರ್ಥಿಗೆ ಎಷ್ಟು ಖರ್ಚು? ಕೋಚಿಂಗ್ ತೆಗೆದುಕೊಂಡರೆ, ಮನೆಯಲ್ಲಿ ದುಡ್ಡಿದ್ದರೆ ಅಂಕ ಏರುತ್ತದೆಯೇ? ತಕ್ಕವರನ್ನು ಸುಮ್ನೆ ಹೊರಗೆ ಹಾಕುತ್ತದೆಯೇ? ಪರೀಕ್ಷೆಯಿಂದಲೇ ಜೀವಕ್ಕೆ ಅಪಾಯ ಇದೆಯೇ?

ಇವುಗಳಲ್ಲಿ ಮೊದಲನೆಯದು ಜಾಸ್ತಿ ಗೊಂದಲ ಮಾಡುತ್ತದೆ. ಪರೀಕ್ಷೆಯ ಅಂಕಕ್ಕೂ ತರಬೇತಿಯ ಫಲಿತಾಂಶಕ್ಕೂ ಇರುವ ನಂಟನ್ನು 0 ಮತ್ತು 1ರ ನಡುವಿನ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. 0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು. ಪೈಲಟ್ ಆಯ್ಕೆಯಲ್ಲಿ ಒಂದು ಪರೀಕ್ಷೆಗೆ 0.3 ಸಿಕ್ಕರೆ ಅದು ಒಳ್ಳೆಯ ಪರೀಕ್ಷೆ. ಈ ಸಂಖ್ಯೆ ನೋಡಿ "ಇಷ್ಟೇನಾ?" ಅಂತ ತಳ್ಳಿಹಾಕುವವರು ಎರಡನೇ ಮಹಾಯುದ್ಧದ ಒಂದು ಪ್ರಯೋಗವನ್ನು ತಿಳಿದುಕೊಳ್ಳಬೇಕು.

ಆಗ ಅಮೆರಿಕದ ಸೇನಾ ವಾಯುಪಡೆಯಲ್ಲಿ ಜಾನ್ ಫ್ಲಾನಗನ್ ಅವರ ನೇತೃತ್ವದಲ್ಲಿ ಮನಶ್ಶಾಸ್ತ್ರಜ್ಞರ ದೊಡ್ಡ ತಂಡ ಕೆಲಸ ಮಾಡುತ್ತಿತ್ತು. ಎಲ್ಲ ಪರೀಕ್ಷೆಗಳ ಅಂಕ ಸೇರಿಸಿ ಪ್ರತಿಯೊಬ್ಬರಿಗೂ 1ರಿಂದ 9ರವರೆಗೆ ಒಂದು ದರ್ಜೆ ಕೊಡುತ್ತಿದ್ದರು, 9 ಅಂದರೆ ಎಲ್ಲಕ್ಕಿಂತ ಮೇಲು. ಈ ದರ್ಜೆ ನಿಜವಾಗಿ ಕೆಲಸ ಮಾಡುತ್ತದೆಯೇ ಅಂತ ತಿಳಿಯಲು ಅವರು ದಿಟ್ಟ ಹೆಜ್ಜೆ ಇಟ್ಟರು. 1,036 ಮಂದಿಯನ್ನು, ಅಂಕ ಎಷ್ಟೇ ಇರಲಿ, ಪೈಲಟ್ ತರಬೇತಿಗೆ ಕಳಿಸಿದರು. ಆ ಪೂರ್ತಿ ಗುಂಪಿನಲ್ಲಿ ಒಟ್ಟು ಅಂಕಕ್ಕೂ ತರಬೇತಿಯ ಫಲಿತಾಂಶಕ್ಕೂ ಇದ್ದ ನಂಟು 0.64. ಬಿಗಿಯಾದ ಕಟ್‌ಆಫ್ ಹಾಕಿದ್ದರೆ ಆ ಗುಂಪಿನಲ್ಲಿ 136 ಮಂದಿ ಮಾತ್ರ ಆಯ್ಕೆಯಾಗುತ್ತಿದ್ದರು. ಅವರನ್ನಷ್ಟೇ ಬೇರೆ ಮಾಡಿ ಲೆಕ್ಕ ಹಾಕಿದಾಗ ನಂಟು 0.18ಕ್ಕೆ ಇಳಿಯಿತು.

ಪರೀಕ್ಷೆ ಅದೇ, ಜನ ಅದೇ ಗುಂಪಿನವರು. ಆದರೂ ಇಷ್ಟು ವ್ಯತ್ಯಾಸ ಏಕೆ? ಮೇಲಿನ ಅಂಕದವರನ್ನು ಮಾತ್ರ ಒಳಗೆ ಬಿಟ್ಟಾಗ ಅವರೆಲ್ಲ ಹೆಚ್ಚೂ ಕಡಿಮೆ ಒಂದೇ ಮಟ್ಟದವರು. ಅವರ ನಡುವೆ ಅಂಕದ ವ್ಯತ್ಯಾಸ ಸಣ್ಣದು, ಹಾಗಾಗಿ ಆ ವ್ಯತ್ಯಾಸದಿಂದ ಏನೂ ಗೊತ್ತಾಗುವುದಿಲ್ಲ. ಕಡಿಮೆ ಅಂಕದವರು ಹೇಗೆ ಹಾರುತ್ತಿದ್ದರು ಅಂತ ನೋಡುವ ಅವಕಾಶವೇ ಇಲ್ಲ. "ನಮ್ಮಲ್ಲಿ ಆಯ್ಕೆಯ ಅಂಕಕ್ಕೂ ತರಬೇತಿಗೂ ಸಂಬಂಧವೇ ಕಾಣಿಸುತ್ತಿಲ್ಲ, ಪರೀಕ್ಷೆ ತೆಗೆದುಬಿಡೋಣ" ಅನ್ನುವ ಮಾತು ಬಂದಾಗ ಈ ಲೆಕ್ಕ ನೆನಪಿರಲಿ. ಚೆನ್ನಾಗಿ ಕೆಲಸ ಮಾಡುತ್ತಿರುವ ಪರೀಕ್ಷೆಯೇ ಹೊರಗಿನಿಂದ ನೋಡುವವರಿಗೆ ನಿಷ್ಪ್ರಯೋಜಕವಾಗಿ ಕಾಣಬಹುದು.

ಅದೇ ಯುದ್ಧಕಾಲದ ದೊಡ್ಡ ದಾಖಲೆಯಲ್ಲಿ 9ನೇ ದರ್ಜೆಯವರಲ್ಲಿ ಮೊದಲ ಹಂತದ ತರಬೇತಿಯಲ್ಲಿ ಹೊರಬಿದ್ದವರು ಶೇ. 4ರಷ್ಟು. 1ನೇ ದರ್ಜೆಯವರಲ್ಲಿ ಶೇ. 77ರಷ್ಟು.

ಬರಹದ ಪರೀಕ್ಷೆ

ಅಗ್ಗ, ವೇಗ, ಸಾವಿರಾರು ಜನರಿಗೆ ಒಂದೇ ದಿನ ಕೊಡಬಹುದು. ಗಣಿತ, ಯಂತ್ರಗಳ ತಿಳಿವಳಿಕೆ, ಮೀಟರ್ ಮತ್ತು ಪಟ್ಟಿಗಳನ್ನು ಬೇಗ ಓದುವುದು, ದಿಕ್ಕು ಮತ್ತು ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಇಂಥವು ಇರುತ್ತವೆ.

ಹಂಟರ್ ಮತ್ತು ಬರ್ಕ್ ಅನ್ನುವ ಸಂಶೋಧಕರು 1994ರಲ್ಲಿ 68 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯಂತ್ರಗಳ ತಿಳಿವಳಿಕೆಗೆ 0.29ರಷ್ಟು ನಂಟು ಸಿಕ್ಕಿತು. ಸಾಮಾನ್ಯ ಬುದ್ಧಿಶಕ್ತಿಗೆ 0.13 ಮಾತ್ರ. ಶಾಲೆ ಕಾಲೇಜಿನ ಓದಿಗೆ ಅದಕ್ಕಿಂತಲೂ ಕಡಿಮೆ. ಇದನ್ನು ನೋಡಿ ಬುದ್ಧಿಶಕ್ತಿಯ ಪರೀಕ್ಷೆ ಬೇಡ ಅಂತ ತೀರ್ಮಾನ ಮಾಡಿದವರಿದ್ದಾರೆ. ಅಮೆರಿಕದ ವಾಯುಪಡೆಯ ಸಂಶೋಧಕರಾಗಿದ್ದ ಮಾಲ್ಕಮ್ ರೀ, ಥಾಮಸ್ ಕ್ಯಾರೆಟ್ಟಾ ಅವರ ವಾದ ಬೇರೆ. ಮೇಲೆ ಹೇಳಿದ ಕಟ್‌ಆಫ್ ಪರಿಣಾಮವನ್ನು ಸರಿಪಡಿಸಿ ಲೆಕ್ಕ ಹಾಕಿದರೆ ಸಾಮಾನ್ಯ ಬುದ್ಧಿಶಕ್ತಿಯೇ ಮುಖ್ಯ ಅಂತ ಅವರು ತೋರಿಸಿದರು. ನನಗೆ ಅವರ ವಾದ ಸರಿ ಅನ್ನಿಸುತ್ತದೆ. ಪೈಲಟ್ ತರಬೇತಿ ಅಂದರೆ ಕೈ ಚಳಕ ಅಷ್ಟೇ ಅಲ್ಲ, ಕಡಿಮೆ ಸಮಯದಲ್ಲಿ ರಾಶಿ ವಿಷಯ ಕಲಿಯುವ ಕೆಲಸವೂ ಹೌದು.

ಇದರ ತೊಂದರೆ ಬೇರೆ ಕಡೆ ಇದೆ. ಒಳ್ಳೆಯ ಶಾಲೆಯಲ್ಲಿ ಓದಿದವರಿಗೆ, ಪರೀಕ್ಷೆಯ ಭಾಷೆ ಚೆನ್ನಾಗಿ ಬರುವವರಿಗೆ ಇದರಲ್ಲಿ ಅನುಕೂಲ ಜಾಸ್ತಿ. ಆದ್ದರಿಂದ ಇದು ಮೊದಲ ಜರಡಿಯಾಗಿರಲಿ, ಆದರೆ ಕಣ್ಣು ಸ್ವಲ್ಪ ದೊಡ್ಡದಾಗಿರಲಿ. ತೀರಾ ಕೆಳಗಿನವರನ್ನು ಬೇರೆ ಮಾಡಲು ಬಳಸಿ, ಮೇಲಿನವರಲ್ಲಿ ಯಾರು ಮೊದಲು ಯಾರು ನಂತರ ಅಂತ ಇದೊಂದರಿಂದಲೇ ಸಾಲು ಹಚ್ಚಬೇಡಿ.

ಕೈ, ಕಾಲು, ಕಣ್ಣು, ಕಿವಿಯ ಪರೀಕ್ಷೆ

ಈ ಪರೀಕ್ಷೆಗಳ ಹಳೆಯ ರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇವು ಏನನ್ನು ಅಳೆಯುತ್ತವೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಮ್ಯಾಶ್‌ಬರ್ನ್ ಅನ್ನುವವರು ಒಂದು ಯಂತ್ರ ಮಾಡಿದರು. ಅಭ್ಯರ್ಥಿಯ ಕೈಯಲ್ಲಿ ಸ್ಟಿಕ್, ಕಾಲ ಕೆಳಗೆ ವಿಮಾನದ ಮೂಗನ್ನು ಎಡ-ಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್. ಎದುರಿನ ಹಲಗೆಯಲ್ಲಿ ಸಾಲು ಸಾಲು ದೀಪ. ಒಂದು ದೀಪ ಎಡ-ಬಲ, ಇನ್ನೊಂದು ಮೇಲೆ-ಕೆಳಗೆ, ಮತ್ತೊಂದು ಪೆಡಲ್ ಎಲ್ಲಿರಬೇಕು ಅಂತ ತೋರಿಸುತ್ತದೆ. ಕೈಕಾಲು ಎರಡನ್ನೂ ಹೊಂದಿಸಿ, ತನ್ನ ಮೂರು ದೀಪಗಳನ್ನು ತೋರಿಸಿದ ಮೂರರ ಜೊತೆಗೆ ಒಟ್ಟಿಗೆ ಕೂಡಿಸಬೇಕು. ಕೂಡಿತೋ, ತಕ್ಷಣ ಹೊಸ ಮೂರು ದೀಪ ಹೊತ್ತುತ್ತವೆ. ಕೊಟ್ಟ ಸಮಯದಲ್ಲಿ ಎಷ್ಟು ಸಲ ಕೂಡಿಸಿದರು ಅನ್ನುವುದೇ ಅಂಕ. ಯುದ್ಧಕಾಲದ ಆ 1,036 ಮಂದಿಯಲ್ಲಿ ಇದೊಂದೇ ಪರೀಕ್ಷೆಗೆ 0.40ರಷ್ಟು ನಂಟಿತ್ತು.

ಇಷ್ಟು ಒಳ್ಳೆಯ ಪರೀಕ್ಷೆಯನ್ನು ಅಮೆರಿಕದ ವಾಯುಪಡೆ 1955ರಲ್ಲಿ ಕೈಬಿಟ್ಟಿತು. ಪರೀಕ್ಷೆಯನ್ನು ದೇಶದ ಹಲವು ಕಡೆ ನಡೆಸುವ ಪದ್ಧತಿ ಬಂತು, ಅಷ್ಟೂ ಕಡೆ ಈ ಯಂತ್ರಗಳನ್ನು ಒಂದೇ ಥರ ಕೆಲಸ ಮಾಡುವಂತೆ ಇಡುವುದು ಕಷ್ಟವಾಯಿತು. ಒಂದು ಊರಿನ ಯಂತ್ರದ ಸ್ಟಿಕ್ ಬಿಗಿಯಾಗಿದ್ದು ಇನ್ನೊಂದು ಊರಿನದು ಸಡಿಲವಾಗಿದ್ದರೆ ಅಂಕಕ್ಕೆ ಅರ್ಥವಿಲ್ಲ, ಅಲ್ವಾ? ಕಂಪ್ಯೂಟರ್ ಬಂದ ಮೇಲೆ, 1990ರ ದಶಕದಲ್ಲಿ, ಇಂಥ ಪರೀಕ್ಷೆ ಮತ್ತೆ ಆಯ್ಕೆಗೆ ಮರಳಿತು. ಈಗ ಅಲ್ಲಿ ಬರಹದ ಪರೀಕ್ಷೆಯ ಅಂಕ, ಕಂಪ್ಯೂಟರ್ ಪರೀಕ್ಷೆಯ ಅಂಕ, ಮೊದಲೇ ಹಾರಿದ ಗಂಟೆಗಳು, ಮೂರನ್ನೂ ಸೂತ್ರದಲ್ಲಿ ಸೇರಿಸಿ 1ರಿಂದ 99ರ ನಡುವೆ ಒಂದು ಸಂಖ್ಯೆ ಕೊಡುತ್ತಾರೆ. ಬ್ರಿಟನ್‌ನ ವಾಯುಪಡೆಯೂ ಕ್ರಾನ್‌ವೆಲ್‌ನಲ್ಲಿ ಕಂಪ್ಯೂಟರ್ ಪರೀಕ್ಷೆಗಳ ಗುಚ್ಛವನ್ನು ಬಳಸುತ್ತ ಬಂದಿದೆ.

ಇವತ್ತಿನ ರೂಪ ಇನ್ನೂ ಗಟ್ಟಿ. ಅಮೆರಿಕದ ನೌಕಾಪಡೆಯ ಪರೀಕ್ಷೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ಎರಡು ಕಿವಿಗೂ ಬೇರೆ ಬೇರೆ ಅಕ್ಷರ, ಸಂಖ್ಯೆಗಳು ಬರುತ್ತಲೇ ಇರುತ್ತವೆ. ಹೇಳಿದ ಕಿವಿಯನ್ನು ಮಾತ್ರ ಕೇಳಬೇಕು, ಸಮಸಂಖ್ಯೆ ಬಂದರೆ ಒಂದು ಗುಂಡಿ, ಬೆಸಸಂಖ್ಯೆ ಬಂದರೆ ಇನ್ನೊಂದು. ಅದನ್ನು ಮಾಡುತ್ತಿರುವಾಗಲೇ ಒಂದು ಕೈಯಲ್ಲಿ ಸ್ಟಿಕ್, ಇನ್ನೊಂದರಲ್ಲಿ ಥ್ರಾಟಲ್ (ಎಂಜಿನ್ ಶಕ್ತಿ ಏರಿಸಿ ಇಳಿಸುವ ಹಿಡಿ) ಹಿಡಿದು ಪರದೆಯ ಮೇಲೆ ಓಡುವ ಗುರಿಗಳ ಬೆನ್ನು ಹತ್ತಬೇಕು. ಕಾಕ್‌ಪಿಟ್‌ನಲ್ಲಿ ಆಗುವುದೂ ಇದೇ. ಕೈ ವಿಮಾನವನ್ನು ಹಿಡಿದಿರುತ್ತದೆ, ಕಿವಿಯಲ್ಲಿ ಇಬ್ಬರು ಮೂವರು ಒಟ್ಟಿಗೆ ಮಾತಾಡುತ್ತಿರುತ್ತಾರೆ, ಅದರಲ್ಲಿ ನಮಗೆ ಬೇಕಾದ್ದು ಒಬ್ಬರ ಮಾತು.

ಖರ್ಚಿನ ಮಟ್ಟಿಗೆ ಇದು ನಡುವಿನದು. ಒಮ್ಮೆ ಮಾಡಿಟ್ಟರೆ ಮುಂದೆ ಅಭ್ಯರ್ಥಿಯೊಬ್ಬರಿಗೆ ತಗಲುವುದು ಕಡಿಮೆ. ಆದರೆ ಅಭ್ಯಾಸದಿಂದ ಅಂಕ ಏರುತ್ತದೆ, ಇದೇ ಇದರ ದೌರ್ಬಲ್ಯ. ಇದಕ್ಕೆ ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ. ಭಾರತದಲ್ಲಿ ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆಯನ್ನು ಜೀವನದಲ್ಲಿ ಒಂದೇ ಸಲ ಬರೆಯಬಹುದು. ಫೇಲ್ ಆದರೆ ಫ್ಲೈಯಿಂಗ್ ಬ್ರಾಂಚಿನ, ಅಂದರೆ ಪೈಲಟ್‌ಗಳ ವಿಭಾಗದ, ಬಾಗಿಲು ಮುಚ್ಚಿತು. ಅಮೆರಿಕದ ನೌಕಾಪಡೆ ಮೂರು ಅವಕಾಶ ಕೊಡುತ್ತದೆ. ಒಂದೇ ಅವಕಾಶ ಇದ್ದರೆ ಪದೇ ಪದೇ ಬರೆದು ಅಂಕ ಏರಿಸಿಕೊಳ್ಳುವುದು ತಪ್ಪುತ್ತದೆ, ನಿಜ. ಆದರೆ ಆ ಒಂದು ದಿನ ಜ್ವರ ಇದ್ದವರ, ನಿದ್ದೆ ಕೆಟ್ಟವರ ಗತಿ? ಜೊತೆಗೆ ಜಾಯ್‌ಸ್ಟಿಕ್ ಕೊಂಡು ಮನೆಯಲ್ಲೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದವರಿಗೂ ಅದನ್ನು ಮೊದಲ ಸಲ ಮುಟ್ಟುತ್ತಿರುವವರಿಗೂ ಇರುವ ಅಂತರ ಒಂದೇ ಅವಕಾಶ ಕೊಟ್ಟರೆ ಕಡಿಮೆಯಾಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ನನ್ನ ಆಯ್ಕೆ ಕೇಳಿದರೆ, ಎರಡು ಅವಕಾಶ, ನಡುವೆ ಕೆಲವು ತಿಂಗಳ ಅಂತರ, ಪರೀಕ್ಷೆಗೆ ಮುಂಚೆ ಎಲ್ಲರಿಗೂ ಅದೇ ಉಪಕರಣದಲ್ಲಿ ಸಾಕಷ್ಟು ಹೊತ್ತು ಅಭ್ಯಾಸ. ಅಂಕ ಕೊಡುವುದು ಆಮೇಲೆ.

ಸಿಮ್ಯುಲೇಟರ್

ಎಲ್ಲ ವಿಧಾನಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. 1994ರ ಆ ಒಟ್ಟುನೋಟದಲ್ಲಿ ಎಲ್ಲಕ್ಕಿಂತ ಹೆಚ್ಚು ನಂಟು, 0.34, ಸಿಕ್ಕಿದ್ದು ಕೆಲಸದ ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆಗಳಿಗೆ. ಸಿಮ್ಯುಲೇಟರ್ ಆ ಜಾತಿಯದು. ಕೆನಡಾ 1990ರ ದಶಕದಲ್ಲಿ ಇಂಥ ವ್ಯವಸ್ಥೆಯೊಂದನ್ನು ತಂದಿತು. ಅಭ್ಯರ್ಥಿಗೆ ಹಲವು ಪಾಠಗಳಲ್ಲಿ ಮೂಲ ಹಾರಾಟ ಹೇಳಿಕೊಟ್ಟು, ಎತ್ತರ, ವೇಗ, ದಿಕ್ಕು ಎಲ್ಲವನ್ನೂ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತಿತ್ತು. ಜರ್ಮನಿಯ ವಾಯುಪಡೆಯೂ ಪೈಲಟ್ ಆಯ್ಕೆಗೆ ಸಿಮ್ಯುಲೇಟರ್ ಬಳಸುತ್ತದೆ.

ಇದರ ನಿಜವಾದ ಬೆಲೆ ಇರುವುದು ಮೊದಲ ದಿನದ ಅಂಕದಲ್ಲಿ ಅಲ್ಲ. ಇಬ್ಬರನ್ನು ಕಲ್ಪಿಸಿಕೊಳ್ಳಿ. ಪಾಠ ಇಷ್ಟೇ: 2,000 ಅಡಿ ಎತ್ತರ ಬಿಡದೆ ಎಡಕ್ಕೆ ಪೂರ್ತಿ ಒಂದು ಸುತ್ತು ತಿರುಗಬೇಕು. ಮೊದಲನೆಯವರು ಗೇಮ್ ಆಡಿ ಅಭ್ಯಾಸ ಇರುವವರು. ಮೊದಲ ದಿನವೇ ಎತ್ತರದ ಸೂಜಿ 50 ಅಡಿಗಿಂತ ಹೆಚ್ಚು ಆಚೀಚೆ ಹೋಗುವುದಿಲ್ಲ. ಎರಡನೆಯವರು ವಿಮಾನ ವಾಲಿಸಿದ ಕೂಡಲೇ ಮೂಗು ಕೆಳಗಿಳಿಯುತ್ತದೆ, ಅದನ್ನು ತಡವಾಗಿ ನೋಡುತ್ತಾರೆ, ಗಾಬರಿಯಲ್ಲಿ ಸ್ಟಿಕ್ ಎಳೆಯುತ್ತಾರೆ, 300 ಅಡಿ ಕೆಳಗೆ ಹೋದ ವಿಮಾನ 200 ಅಡಿ ಮೇಲೆ ಬಂದು ನಿಲ್ಲುತ್ತದೆ. ಎರಡನೇ ದಿನ ತಪ್ಪು ಅರ್ಧವಾಗುತ್ತದೆ. ಮೂರನೇ ದಿನ ವಾಲಿಸುವ ಮುಂಚೆಯೇ ಸ್ಟಿಕ್ ಎಷ್ಟು ಹಿಂದೆ ಬರಬೇಕು ಅಂತ ಕೈಗೆ ತಿಳಿದಿರುತ್ತದೆ. ನಾಲ್ಕನೇ ದಿನ ಅದೇ ತಿರುವಿನ ನಡುವೆ ರೇಡಿಯೊದಲ್ಲಿ ಹೊಸ ದಿಕ್ಕು, ಹೊಸ ಎತ್ತರ ಹೇಳುತ್ತಾರೆ. ಮೊದಲನೆಯವರ ಸೂಜಿ ಅಲ್ಲಾಡಲು ಶುರುವಾಗುತ್ತದೆ, ಎರಡನೆಯವರು ಕೇಳಿ, ತಿರುಗಿ ಹೇಳಿ, ಹೊಸ ಎತ್ತರಕ್ಕೆ ಹೊರಡುತ್ತಾರೆ. ಒಂದೇ ದಿನದ ಪರೀಕ್ಷೆ ಇಟ್ಟಿದ್ದರೆ ನಾವು ಆರಿಸುತ್ತಿದ್ದದ್ದು ಮೊದಲನೆಯವರನ್ನು.

ಪೈಲಟ್ ತರಬೇತಿ ವೇಗವಾಗಿ ಸಾಗುತ್ತದೆ, ಹಿಂದೆ ಬಿದ್ದವರಿಗೆ ಕಾಯುವುದಿಲ್ಲ. ಹಾಗಾಗಿ ಯಾರು ಎಷ್ಟು ಬೇಗ ಕಲಿಯುತ್ತಾರೆ ಅನ್ನುವುದೇ ನಾವು ತಿಳಿಯಬೇಕಾದ ಮುಖ್ಯ ವಿಷಯ. ಈಗಾಗಲೇ ಏನು ಕಲಿತಿದ್ದಾರೆ ಅನ್ನುವುದು ಅಷ್ಟು ಮುಖ್ಯವಲ್ಲ. ಸಿಮ್ಯುಲೇಟರ್‌ಗೆ ದುಡ್ಡು ಹಾಕುವುದಾದರೆ ನಾಲ್ಕೈದು ಪಾಠಗಳಿಗೆ ಹಾಕಿ, ಅಂಕವನ್ನು ಏರಿಕೆಯ ವೇಗಕ್ಕೂ ಕೊಡಿ. ಒಂದೇ ಪಾಠದ ಸಿಮ್ಯುಲೇಟರ್ ಪರೀಕ್ಷೆಯಾದರೆ ಅದು ದುಬಾರಿ ಜಾಯ್‌ಸ್ಟಿಕ್ ಪರೀಕ್ಷೆ ಅಷ್ಟೇ.

ಖರ್ಚು? ದೊಡ್ಡ ಸಿಮ್ಯುಲೇಟರ್ ಆಯ್ಕೆಗೆ ಬೇಕಾಗಿಲ್ಲ. ಅಮೆರಿಕದ ವಾಯುಪಡೆ 2018ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ತಲೆಗೆ ಹಾಕುವ ವಿ.ಆರ್. (ವರ್ಚುವಲ್ ರಿಯಾಲಿಟಿ) ಸೆಟ್, ಸಾಮಾನ್ಯ ಕಂಪ್ಯೂಟರ್, ಸ್ಟಿಕ್, ಥ್ರಾಟಲ್ ಇಟ್ಟುಕೊಂಡು ತರಬೇತಿಯನ್ನೇ ನಡೆಸಿ ನೋಡಿತು. ತರಬೇತಿಗೆ ಬಳಸಿ ನೋಡಿದ ಉಪಕರಣ ಆಯ್ಕೆಗೆ ಸಾಲದು ಅನ್ನಲು ಕಾರಣ ಕಾಣುವುದಿಲ್ಲ. ಇಲ್ಲಿ ಹೆಚ್ಚು ದುಬಾರಿ ಸಮಯ: ಒಬ್ಬರಿಗೆ ಕೆಲವು ದಿನ, ಜೊತೆಗೆ ಹೇಳಿಕೊಡುವವರು. ಹಾಗಾಗಿ ಬರಹದ ಮತ್ತು ಕಂಪ್ಯೂಟರ್ ಪರೀಕ್ಷೆ ದಾಟಿ ಬಂದವರಿಗೆ ಮಾತ್ರ.

ನಿಜವಾದ ಹಾರಾಟ

1942ರಲ್ಲಿ ಬ್ರಿಟನ್ ಒಂದು ಪದ್ಧತಿ ತಂದಿತು. ಆಯ್ಕೆಯಾದವರನ್ನು ಮೊದಲು ಟೈಗರ್ ಮಾತ್ ವಿಮಾನದಲ್ಲಿ ಸುಮಾರು 12 ಗಂಟೆ ಹಾರಿಸಿ, ಇನ್ಸ್‌ಟ್ರಕ್ಟರ್ ಕೊಟ್ಟ ದರ್ಜೆ ನೋಡಿ, ಪೈಲಟ್ ಆಗಬೇಕೋ, ದಾರಿ ಹೇಳುವ ನ್ಯಾವಿಗೇಟರ್ ಆಗಬೇಕೋ, ಬಾಂಬ್‌ಗೆ ಗುರಿ ಹಿಡಿಯುವ ಬಾಂಬ್ ಏಮರ್ ಆಗಬೇಕೋ ತೀರ್ಮಾನಿಸುತ್ತಿದ್ದರು. ಈ ಯೋಚನೆ ಇವತ್ತಿಗೂ ಹಲವು ಕಡೆ ಬದುಕಿದೆ.

ಪರದೆಯ ಮುಂದೆ ಎಂದೂ ಕಾಣದ ಕೆಲವು ವಿಷಯಗಳು ಆಕಾಶದಲ್ಲಿ ಮಾತ್ರ ಕಾಣುತ್ತವೆ. ವಿಮಾನ ನಿಜವಾಗಿ ಅಲುಗಾಡಿದಾಗ ಯಾರು ಹೆದರಿ ಕಲ್ಲಾಗುತ್ತಾರೆ, ಯಾರಿಗೆ ಹೊಟ್ಟೆ ತೊಳಸುತ್ತದೆ, ಯಾರಿಗೆ ಹಾರುವುದು ತಾನು ಅಂದುಕೊಂಡಂತೆ ಇಲ್ಲ ಅಂತ ಅನ್ನಿಸಿ ತಾನೇ ಬಿಟ್ಟುಹೋಗುತ್ತಾರೆ. ತಾನೇ ಬಿಟ್ಟುಹೋಗುವವರನ್ನು ಜೆಟ್ ತರಬೇತಿಗೆ ಮುಂಚೆ ಕಂಡುಕೊಂಡರೆ ಅದೇ ದೊಡ್ಡ ಉಳಿತಾಯ. ಹೊಟ್ಟೆ ತೊಳಸುವುದಕ್ಕೆ ಮಾತ್ರ ಯಾರನ್ನೂ ತಕ್ಷಣ ಹೊರಗೆ ಹಾಕಬೇಡಿ. ಹೆಚ್ಚಿನವರಿಗೆ ಕೆಲವು ಹಾರಾಟ ಆದ ಮೇಲೆ ಅದು ಒಗ್ಗಿಹೋಗುತ್ತದೆ, ಒಗ್ಗದವರಿಗೆ ತಿರುಗುವ ಕುರ್ಚಿಯ ಅಭ್ಯಾಸ ಕೊಡುವ ಕ್ರಮ ವಾಯುಪಡೆಗಳಲ್ಲಿ ಇದೆ.

ಇನ್ನೊಂದು ಕಡೆ ಇದು ಎಲ್ಲಕ್ಕಿಂತ ದುಬಾರಿ. ಅಂಕ ಕೊಡುವ ಇನ್ಸ್‌ಟ್ರಕ್ಟರ್‌ಗಳಲ್ಲಿ ಒಬ್ಬರು ಧಾರಾಳಿ, ಒಬ್ಬರು ಬಿಗಿ. ಒಬ್ಬರಿಗೆ ಬೆಳಗಿನ ತಣ್ಣನೆಯ ಗಾಳಿ ಸಿಗುತ್ತದೆ, ಇನ್ನೊಬ್ಬರಿಗೆ ಮಧ್ಯಾಹ್ನದ ಕುಲುಕಾಟ. ಮೊದಲೇ ಖಾಸಗಿಯಾಗಿ ಹಾರಿದವರಿಗೆ ದೊಡ್ಡ ಮುನ್ನಡೆ. ಅಮೆರಿಕದಲ್ಲಿ ಆಯ್ಕೆಯ ಸೂತ್ರದಲ್ಲಿ ಮೊದಲು 200ಕ್ಕೂ ಹೆಚ್ಚು ಗಂಟೆಯವರೆಗೆ ಅಂಕ ಏರುತ್ತಿತ್ತು, ಆಮೇಲೆ ಅದನ್ನು 60 ಗಂಟೆಗೆ ನಿಲ್ಲಿಸಿದರು. ಖಾಸಗಿ ಹಾರಾಟಕ್ಕೆ ದುಡ್ಡು ಇರುವವರು ಮಾತ್ರ ಮುಂದೆ ಹೋಗಬಾರದು ಅನ್ನುವುದೇ ಕಾರಣ. ಒಳ್ಳೆಯ ತೀರ್ಮಾನ ಅದು.

ಜೀವದ ಅಪಾಯದ ಮಾತನ್ನೂ ಮುಚ್ಚಿಡುವಂತಿಲ್ಲ. 1990ರ ದಶಕದಲ್ಲಿ ಅಮೆರಿಕದ ವಾಯುಪಡೆ ಈ ಸೋಸುವ ಹಾರಾಟವನ್ನು ಇನ್ನಷ್ಟು ಕಠಿಣ ಮಾಡಲು ಟಿ-3ಎ ಫೈರ್‌ಫ್ಲೈ ಅನ್ನುವ ಶಕ್ತಿಶಾಲಿ ವಿಮಾನ ತಂದಿತು. 1995ರಿಂದ 1997ರ ನಡುವೆ ಮೂರು ಅಪಘಾತಗಳಲ್ಲಿ ಮೂವರು ಕೆಡೆಟ್‌ಗಳು, ಮೂವರು ಇನ್ಸ್‌ಟ್ರಕ್ಟರ್‌ಗಳು ಸತ್ತರು. 1997ರಲ್ಲಿ ಆ ವಿಮಾನಗಳ ಹಾರಾಟ ನಿಲ್ಲಿಸಿದರು. ಮುಂದೆ 2006ರಲ್ಲಿ ಕೊಲರಾಡೊದ ಪ್ಯೂಬ್ಲೋದಲ್ಲಿ ಡೈಮಂಡ್ ಡಿಎ-20 ಅನ್ನುವ ಹಗುರ ವಿಮಾನದಲ್ಲಿ ಇದೇ ಕೆಲಸ ಶುರುವಾಯಿತು. ಆಯ್ಕೆಗೆ ಬೇಕಾದ್ದು ಸೌಮ್ಯವಾದ, ಸರಳವಾದ ವಿಮಾನ. ಯುದ್ಧವಿಮಾನದ ರುಚಿ ತೋರಿಸಲು ಅದು ಹೊತ್ತಲ್ಲ, ಜಾಗವೂ ಅಲ್ಲ.

ಸಂದರ್ಶನ ಮತ್ತು ಸ್ವಭಾವದ ಪರೀಕ್ಷೆ

ಹಿರಿಯ ಅಧಿಕಾರಿಗಳಿಗೆ ಇದರ ಮೇಲೆ ಬಹಳ ಪ್ರೀತಿ. "ಐದು ನಿಮಿಷ ಮಾತಾಡಿದರೆ ನನಗೆ ಗೊತ್ತಾಗುತ್ತದೆ" ಅನ್ನುವವರನ್ನು ಎಲ್ಲ ದೇಶಗಳಲ್ಲೂ ಕಾಣಬಹುದು. 1994ರ ಒಟ್ಟುನೋಟದಲ್ಲಿ ಸ್ವಭಾವದ ಪರೀಕ್ಷೆಗಳಿಗೆ ಸಿಕ್ಕ ನಂಟು 0.10. ಹಾರಾಟ ಕಲಿಯುವ ಶಕ್ತಿಯನ್ನು ಮುಖ ನೋಡಿ, ಮಾತು ಕೇಳಿ ಹೇಳಲಾಗುವುದಿಲ್ಲ.

ಹಾಗಂತ ಸಂದರ್ಶನ ಬೇಡ ಅಂತ ಅಲ್ಲ. ಪೈಲಟ್ ಒಬ್ಬ ಅಧಿಕಾರಿಯೂ ಹೌದು. ಜೊತೆಯವರ ಜೊತೆ ಹೇಗಿರುತ್ತಾರೆ, ತಪ್ಪು ಒಪ್ಪಿಕೊಳ್ಳುತ್ತಾರೆಯೇ, ಈ ಕೆಲಸ ನಿಜವಾಗಿ ಬೇಕೇ, ಇದನ್ನೆಲ್ಲ ಬೇರೆ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಮಾಡುವ ರೀತಿ ಬದಲಾಗಬೇಕು. 1950ರ ದಶಕದಲ್ಲಿ ಇಸ್ರೇಲ್ ಸೇನೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಸೈನಿಕರ ಸಂದರ್ಶನವನ್ನು ಹೊಸದಾಗಿ ಕಟ್ಟಿದರು. ಆರು ಗುಣ ಇಟ್ಟುಕೊಳ್ಳಿ, ಒಂದೊಂದರ ಬಗ್ಗೆ ನಡೆದ ಸಂಗತಿಗಳನ್ನೇ ಕೇಳಿ, ಒಂದಕ್ಕೆ ಅಂಕ ಕೊಟ್ಟ ಮೇಲೆಯೇ ಮುಂದಿನದಕ್ಕೆ ಹೋಗಿ. ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಮುಚ್ಚಿ ಯೋಚಿಸಿ ನಿಮ್ಮ ಒಟ್ಟು ಅಭಿಪ್ರಾಯಕ್ಕೂ ಒಂದು ಅಂಕ ಕೊಡಿ. ಹಳೆಯ ಸಂದರ್ಶನಕ್ಕಿಂತ ಇದು ಬಹಳ ಚೆನ್ನಾಗಿ ಕೆಲಸ ಮಾಡಿತು. ಆಶ್ಚರ್ಯ ಅಂದರೆ ಕೊನೆಯ ಒಟ್ಟು ಅಭಿಪ್ರಾಯವೂ ಆರು ಅಂಕಗಳ ಮೊತ್ತದಷ್ಟೇ ಉಪಯೋಗಕ್ಕೆ ಬಂತು. ಅನುಭವಿಯ ಅನಿಸಿಕೆಗೆ ಬೆಲೆ ಇದೆ, ಆದರೆ ಶಿಸ್ತಾಗಿ ಎಲ್ಲವನ್ನೂ ಕೇಳಿ ಮುಗಿಸಿದ ಮೇಲೆ ಮಾತ್ರ.

ಖರ್ಚೇ ಇಲ್ಲದ ಸುಧಾರಣೆಯೂ ಇಲ್ಲೇ ಇದೆ. ಎಲ್ಲ ಅಂಕಗಳನ್ನು ಆಯ್ಕೆ ಬೋರ್ಡಿನ ಮುಂದಿಟ್ಟು "ಒಟ್ಟಾರೆ ನೋಡಿ ತೀರ್ಮಾನಿಸಿ" ಅನ್ನುವ ಬದಲು, ಯಾವುದಕ್ಕೆ ಎಷ್ಟು ತೂಕ ಅಂತ ಮೊದಲೇ ಬರೆದಿಟ್ಟ ಸೂತ್ರದಲ್ಲಿ ಕೂಡಿಸಿ. ಸಂದರ್ಶನದ ಅಂಕವೂ ಆ ಸೂತ್ರದಲ್ಲಿ ಒಂದು ಭಾಗ ಆಗಿರಲಿ, ಎಲ್ಲವನ್ನೂ ತಿರುವಿಹಾಕುವ ಅಧಿಕಾರ ಆಗದಿರಲಿ.

ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಕೇಳುತ್ತಾರೆ. ಅದು ಕಲಿಯುವುದು ಹಳೆಯ ದಾಖಲೆಯಿಂದ. ಆ ದಾಖಲೆಯಲ್ಲಿ ಆಯ್ಕೆಯಾದವರು ಮಾತ್ರ ಇದ್ದಾರೆ, ಅದೂ ವರ್ಷಕ್ಕೆ ಕೆಲವೇ ಮಂದಿ. ಹಿಂದೆ ಯಾರನ್ನು ತಪ್ಪಾಗಿ ಬಿಟ್ಟೆವೋ ಅವರನ್ನು ಬಿಡುವುದನ್ನೇ ಅದೂ ಕಲಿಯುತ್ತದೆ. ಸದ್ಯಕ್ಕೆ ಸರಳ ಸೂತ್ರವೇ ಸಾಕು.

ಒಂದು ಸೀಟಿಗೆ ಎಷ್ಟು ಮಂದಿ?

ಯಾವ ಪರೀಕ್ಷೆಗೆ ದುಡ್ಡು ಹಾಕಬೇಕು ಅನ್ನುವುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಟೇಲರ್ ಮತ್ತು ರಸೆಲ್ ಅನ್ನುವವರು 1939ರಲ್ಲಿ ಇದಕ್ಕೆ ಲೆಕ್ಕದ ಪಟ್ಟಿಗಳನ್ನೇ ಕೊಟ್ಟರು. ಪರೀಕ್ಷೆಯೇ ಇಲ್ಲದೆ ಕಳಿಸಿದರೂ ನೂರರಲ್ಲಿ 60 ಮಂದಿ ತರಬೇತಿ ಮುಗಿಸುತ್ತಾರೆ ಅಂತಿಟ್ಟುಕೊಳ್ಳಿ. ಪರೀಕ್ಷೆಯ ನಂಟು 0.40. ಹತ್ತು ಮಂದಿಯಲ್ಲಿ ಒಬ್ಬರನ್ನು ಆರಿಸುವ ಸ್ಥಿತಿ ಇದ್ದರೆ, ಆಯ್ಕೆಯಾದವರಲ್ಲಿ ನೂರಕ್ಕೆ ಸುಮಾರು 85 ಮಂದಿ ಪಾಸಾಗುತ್ತಾರೆ. ಇಬ್ಬರಲ್ಲಿ ಒಬ್ಬರಾದರೆ ಸುಮಾರು 73. ಹತ್ತರಲ್ಲಿ ಒಂಬತ್ತು ಮಂದಿಯನ್ನು ತೆಗೆದುಕೊಳ್ಳಲೇಬೇಕಾದರೆ ಸುಮಾರು 63.

ಅದೇ ಪರೀಕ್ಷೆ, ಅದೇ ಖರ್ಚು. ಅಭ್ಯರ್ಥಿಗಳೇ ಸಾಕಷ್ಟು ಇಲ್ಲದಿದ್ದರೆ ಜಗತ್ತಿನ ಅತ್ಯುತ್ತಮ ಪರೀಕ್ಷೆಯಿಂದಲೂ ಲಾಭ ಅತ್ಯಲ್ಪ. ಅಂಥ ಕಡೆ ದುಡ್ಡು ಹೋಗಬೇಕಾದ್ದು ಹೆಚ್ಚು ಜನ ಅರ್ಜಿ ಹಾಕುವಂತೆ ಮಾಡುವುದಕ್ಕೆ, ಬೇಡದ ಅಡ್ಡಗೋಡೆ ತೆಗೆಯುವುದಕ್ಕೆ. 2020ರಲ್ಲಿ ಅಮೆರಿಕದ ವಾಯುಪಡೆ ಪೈಲಟ್ ಆಗಲು ಕನಿಷ್ಠ ಇಷ್ಟು ಎತ್ತರ ಇರಬೇಕು ಅನ್ನುವ ನಿಯಮ ತೆಗೆದುಹಾಕಿತು. ಅದಕ್ಕೂ ಮುಂಚೆ ಸುಮಾರು 163 ಸೆಂ.ಮೀ.ಗಿಂತ ಗಿಡ್ಡ ಇದ್ದವರು ವಿಶೇಷ ವಿನಾಯಿತಿ ಕೇಳಬೇಕಿತ್ತು. ಇದರಿಂದ ಹಿಂದೆ ಸರಿಯುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಕೈಕಾಲಿನ ಉದ್ದ, ಕೂತಾಗಿನ ಎತ್ತರ ಅಳೆದು, ಯಾವ ವಿಮಾನದ ಕಾಕ್‌ಪಿಟ್‌ಗೆ ಹೊಂದುತ್ತಾರೆ ಅಂತ ನೋಡುವುದು ಸರಿಯಾದ ಕ್ರಮ.

ಯಾರಿಗೆ ಯಾವುದು

ಅಭ್ಯರ್ಥಿಗಳು ಸಾವಿರಾರು, ದುಡ್ಡು ಕಡಿಮೆ ಅಂದರೆ ಬರಹದ ಪರೀಕ್ಷೆ, ಅದರ ಹಿಂದೆ ಕಂಪ್ಯೂಟರ್ ಪರೀಕ್ಷೆ, ಕೊನೆಗೆ ಶಿಸ್ತಿನ ಸಂದರ್ಶನ, ಸೂತ್ರದಲ್ಲಿ ಮೊತ್ತ. ಹಾರಾಟದ ಪರೀಕ್ಷೆ ಇಲ್ಲದೆಯೂ ಇದು ಚೆನ್ನಾಗಿ ನಡೆಯುತ್ತದೆ. ಸ್ವಲ್ಪ ಹಣ ಸೇರಿದ ಕೂಡಲೇ ವಿ.ಆರ್. ಸಿಮ್ಯುಲೇಟರ್‌ನ ನಾಲ್ಕೈದು ಪಾಠ ಸೇರಿಸಿ.

ವರ್ಷಕ್ಕೆ ಹತ್ತಿಪ್ಪತ್ತು ಪೈಲಟ್‌ಗಳಷ್ಟೇ ಬೇಕಾದ ಚಿಕ್ಕ ವಾಯುಪಡೆ ತನ್ನದೇ ಪರೀಕ್ಷೆ ಕಟ್ಟಲು ಹೋಗಬಾರದು. ಅಷ್ಟು ಕಡಿಮೆ ಜನರ ಫಲಿತಾಂಶದಿಂದ ಪರೀಕ್ಷೆ ಸರಿಯೋ ತಪ್ಪೋ ಅಂತ ತಿಳಿಯಲು ದಶಕಗಳು ಬೇಕು. ಬೇರೆ ದೇಶ ಬಳಸಿ ನೋಡಿದ ಪರೀಕ್ಷೆಯನ್ನು ತೆಗೆದುಕೊಂಡು, ಉಳಿದ ಹಣವನ್ನು ಹಗುರ ವಿಮಾನದ ಹಾರಾಟಕ್ಕೆ ಹಾಕುವುದು ಲೇಸು. ಜನ ಕಡಿಮೆ ಇರುವುದರಿಂದ ಇನ್ಸ್‌ಟ್ರಕ್ಟರ್ ಇಬ್ಬರಿಂದ ಬೇರೆ ಬೇರೆಯಾಗಿ ಅಂಕ ಹಾಕಿಸಲೂ ಸಾಧ್ಯ.

ದುಡ್ಡಿರುವ ದೊಡ್ಡ ವಾಯುಪಡೆಗೆ ಎಲ್ಲ ಹಂತಗಳೂ ಇರಲಿ, ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಆದರೆ ತರಬೇತಿಯಲ್ಲಿ ಜನ ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಬೀಳುತ್ತಿದ್ದಾರೆ ಅಂತ ಮೊದಲು ನೋಡಿ. ಮೊದಲ ಸೋಲೋ (ಒಬ್ಬರೇ ಹಾರಿಸುವ) ಹಾರಾಟಕ್ಕೂ ಮುಂಚೆ ಬೀಳುತ್ತಿದ್ದರೆ ಕಂಪ್ಯೂಟರ್ ಪರೀಕ್ಷೆಯೋ ಸಿಮ್ಯುಲೇಟರೋ ಸರಿಯಾಗಬೇಕು. ತಾವೇ ಬಿಟ್ಟುಹೋಗುತ್ತಿದ್ದರೆ ಮೊದಲೇ ಹಾರಾಟದ ರುಚಿ ತೋರಿಸಬೇಕು. ಫಾರ್ಮೇಶನ್ (ಹಲವು ವಿಮಾನ ಸಾಲಾಗಿ ಹತ್ತಿರ ಹತ್ತಿರ ಹಾರುವುದು), ಉಪಕರಣ ನೋಡಿ ಹಾರುವುದು ಮುಂತಾದ ಮುಂದಿನ ಹಂತದಲ್ಲಿ ಬೀಳುತ್ತಿದ್ದರೆ ಒಂದೇ ಹೊತ್ತಿಗೆ ಹಲವು ಕೆಲಸ ಮಾಡಿಸುವ ಪರೀಕ್ಷೆಗೆ ತೂಕ ಹೆಚ್ಚಿಸಬೇಕು. ಒಬ್ಬರೇ ಇಬ್ಬರೇ ಇನ್ಸ್‌ಟ್ರಕ್ಟರ್‌ಗಳ ಕೈಯಲ್ಲಿ ಜಾಸ್ತಿ ಮಂದಿ ಫೇಲ್ ಆಗುತ್ತಿದ್ದರೆ ತೊಂದರೆ ಆಯ್ಕೆಯಲ್ಲಿ ಇಲ್ಲ, ತರಬೇತಿಯಲ್ಲಿ ಇದೆ.

ಯಾವ ಹೊಸ ಪರೀಕ್ಷೆ ತಂದರೂ ಮೊದಲ ಎರಡು ಮೂರು ಬ್ಯಾಚ್‌ಗಳಿಗೆ ಅದನ್ನು ಆಯ್ಕೆಗೆ ಬಳಸಬೇಡಿ. ಎಲ್ಲ ಅಭ್ಯರ್ಥಿಗಳಿಗೂ ಕೊಡಿ, ಅಂಕವನ್ನು ಬೋರ್ಡಿಗೂ ಇನ್ಸ್‌ಟ್ರಕ್ಟರ್‌ಗಳಿಗೂ ತೋರಿಸದೆ ಬೀಗ ಹಾಕಿ ಇಡಿ, ಹಳೆಯ ಕ್ರಮದಲ್ಲೇ ಆಯ್ಕೆ ಮಾಡಿ. ಆ ಬ್ಯಾಚ್‌ಗಳು ತರಬೇತಿ ಮುಗಿಸಿದ ದಿನ ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಅಂಕ ಮೊದಲೇ ಗೊತ್ತಿದ್ದರೆ ಇನ್ಸ್‌ಟ್ರಕ್ಟರ್ ತಿಳಿಯದೆಯೇ ಹೆಚ್ಚು ಅಂಕದವರಿಗೆ ಒಂದು ಅವಕಾಶ ಜಾಸ್ತಿ ಕೊಡುತ್ತಾರೆ, ಪರೀಕ್ಷೆ ಸರಿಯಾಗಿ ಹೇಳಿದಂತೆ ಕಾಣುತ್ತದೆ. ಪರೀಕ್ಷೆ ಮಾರುವವರು ಈ ಕಾಯುವಿಕೆಗೆ ಒಪ್ಪದಿದ್ದರೆ, ಬೇರೆಯವರನ್ನು ನೋಡಿ.